ಸಹೋದ್ಯೋಗಿಯ ಪಾಠಕ್ಕೆ ನೆರವಾಗುವುದು ಹೇಗೆ? ಡಿಗ್ರಿ ಕಾಲೇಜುಗಳಿಗೆ ಒಂದು ಸೆಮಿಸ್ಟರಿನ ಯೋಜನೆ

ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಬೇಕಾದರೆ ಡಿ.ಎಡ್ ಬೇಕು. ಹೈಸ್ಕೂಲಿಗೆ ಬಿ.ಎಡ್ ಬೇಕು. ಡಿಗ್ರಿ ಕಾಲೇಜಿಗೆ? ಎಂ.ಎ, ಎಂ.ಎಸ್ಸಿ ಇಲ್ಲವೇ ಎಂ.ಕಾಂ ಆಗಿರಬೇಕು, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲದಿದ್ದರೆ ಪಿಎಚ್.ಡಿ ಇರಬೇಕು. ಪಾಠ ಮಾಡುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ನೆಟ್‌ನ ಮೊದಲ ಪೇಪರಿನಲ್ಲಿ ಬೋಧನಾ ಸಾಮರ್ಥ್ಯ ಅಂತ ಒಂದು ಘಟಕ ಇದೆ, ನಿಜ. 50 ಪ್ರಶ್ನೆಗಳಲ್ಲಿ 5 ಅದರದ್ದು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಿತು. ಆಮೇಲೆ ಒಂದು ದಿನ ಆರ್ಡರ್ ಕಾಪಿ ಕೈಗೆ ಬರುತ್ತದೆ, 80 ಹುಡುಗರ ಮುಂದೆ ಚಾಕ್‌ಪೀಸ್ ಹಿಡಿದು ನಿಲ್ಲಬೇಕು. ಆಗ ಎಲ್ಲರೂ ಮಾಡುವುದು ಒಂದೇ: ತಮಗೆ ಪಾಠ ಮಾಡಿದ ಮೇಷ್ಟ್ರು ಹೇಗೆ ಮಾಡುತ್ತಿದ್ದರೋ ಹಾಗೇ ಮಾಡುವುದು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತೇನಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧ್ಯಾಪಕರ ತರಬೇತಿಗೆ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮಲ್ಲಿ ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಬಂದವು. ಆಮೇಲೆ ಅವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಅಂತಾಯಿತು. 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಬೋರ್ಡು ಎರಡು ಸಲ ಬದಲಾದರೂ ಕ್ರಮ ಅದೇ. ಅಧ್ಯಾಪಕರು ತಮ್ಮ ಕ್ಲಾಸು ಬಿಟ್ಟು ಇನ್ನೊಂದು ಊರಿಗೆ, ಈಗೀಗ ಇನ್ನೊಂದು ಆನ್‌ಲೈನ್ ಕಿಂಡಿಗೆ ಹೋಗುತ್ತಾರೆ. ಭಾಷಣ ಕೇಳಿ ಸರ್ಟಿಫಿಕೇಟ್ ತರುತ್ತಾರೆ. ಅಲ್ಲಿ ಕೇಳಿದ್ದರಲ್ಲಿ ಒಳ್ಳೆಯದು ಬೇಕಾದಷ್ಟು ಇರುತ್ತದೆ. ಆದರೆ ಸೋಮವಾರ ಬೆಳಗ್ಗೆ ಎರಡನೇ ಪಿರಿಯಡ್‌ನಲ್ಲಿ ಅದನ್ನು ಮಾಡಿ ನೋಡುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆ ಸೋಮವಾರ ಬೆಳಗ್ಗೆ ಹಿಂದಿನ ಬೆಂಚಿನಲ್ಲಿ ಒಬ್ಬ ಸಹೋದ್ಯೋಗಿಯನ್ನು ಕೂರಿಸುವುದು ಹೇಗೆ ಅನ್ನುವುದಕ್ಕೆ ಈ ಲೇಖನ. ವಿಭಾಗದ ಮುಖ್ಯಸ್ಥರು, ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕ) ಸಂಚಾಲಕರು, ಪ್ರಿನ್ಸಿಪಾಲರು, ಅಥವಾ ಸುಮ್ನೆ ಪಕ್ಕದ ಟೇಬಲ್ಲಿನ ಹಿರಿಯರು, ಯಾರು ಬೇಕಾದರೂ ಶುರು ಮಾಡಬಹುದು. ಖರ್ಚು ಹೆಚ್ಚೆಂದರೆ ಚಹಾದ್ದು.

1. ಮೊದಲು ಪ್ರಿನ್ಸಿಪಾಲರಿಂದ ಒಂದು ಮಾತು ತೆಗೆದುಕೊಳ್ಳಿ

ಕ್ಲಾಸಿನಲ್ಲಿ ಕಂಡದ್ದು, ಆಮೇಲೆ ಮಾತಾಡಿದ್ದು ಯಾವ ಫೈಲಿಗೂ ಹೋಗಬಾರದು. ಪ್ರಮೋಷನ್ ಫೈಲಿಗೂ ಇಲ್ಲ, ಅತಿಥಿ ಉಪನ್ಯಾಸಕರ ಮುಂದುವರಿಕೆಗೂ ಇಲ್ಲ, ಪ್ರಿನ್ಸಿಪಾಲರ ಟೇಬಲ್ಲಿಗೂ ಇಲ್ಲ. ಇದು ಬಾಯಿ ಮಾತಾದರೆ ಸಾಲದು. ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಎದುರು ಪ್ರಿನ್ಸಿಪಾಲರೇ ಹೇಳಬೇಕು, ಮೀಟಿಂಗಿನ ನಡಾವಳಿಯಲ್ಲಿ ಬರೆಸಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಾಲೇಜುಗಳಲ್ಲಿ ಹಿಂದಿನ ಬೆಂಚಿಗೆ ಯಾರಾದರೂ ದೊಡ್ಡವರು ಬಂದು ಕೂತರೆ ಅದಕ್ಕೆ ಇರುವ ಅರ್ಥ ಒಂದೇ, ತಪಾಸಣೆ. ಕಾಲೇಜುಗಳಿಗೆ ಮಾನ್ಯತೆ, ಗ್ರೇಡ್ ಕೊಡುವ ನ್ಯಾಕ್‌ನ ತಂಡ ಬಂದಾಗ ಕಾಲೇಜು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ರಂಗೋಲಿ, ಒಂದು ವಾರದಿಂದ ರಿಹರ್ಸಲ್ ಮಾಡಿದ ಪಾಠ. ಅಂಥ ಪಾಠ ನೋಡಿ ಯಾರಿಗೂ ನೆರವಾಗಲು ಬರುವುದಿಲ್ಲ. ತೊಡರುವ ಪಾಠವೇ ಬೇಕು. ಅದನ್ನು ತೋರಿಸಲು ಧೈರ್ಯ ಬೇಕು, ಆ ಧೈರ್ಯಕ್ಕೆ ಈ ಮಾತೇ ಆಧಾರ.

ಐಕ್ಯೂಎಸಿಯವರು ಸುಮ್ಮನಿರುವುದಿಲ್ಲ. ನ್ಯಾಕ್‌ನ ಎರಡನೇ ಮಾನದಂಡವೇ ಬೋಧನೆ, ಕಲಿಕೆ, ಮೌಲ್ಯಮಾಪನ. ದಾಖಲೆ ಕೊಡಿ ಅಂತ ಕೇಳುತ್ತಾರೆ, ಕೇಳುವುದು ಅವರ ಕೆಲಸ. ಎಷ್ಟು ಜೋಡಿ ಮಾಡಿಕೊಂಡರು, ಎಷ್ಟು ಸಲ ಸೇರಿದರು, ಇಷ್ಟು ಕೊಡಿ. ಯಾರ ಪಾಠದಲ್ಲಿ ಏನು ಕಂಡಿತು ಅನ್ನುವುದು ಆ ಇಬ್ಬರಲ್ಲೇ ಇರಲಿ.

2. ಜೋಡಿ ಮಾಡಿ, ಮೊದಲ ಬಾಗಿಲು ಹಿರಿಯರೇ ತೆರೆಯಲಿ

ಇಬ್ಬಿಬ್ಬರ ಜೋಡಿ ಸಾಕು. ಎಚ್‌ಒಡಿಯನ್ನು ಅವರ ವಿಭಾಗದ ಕಿರಿಯರ ಜೊತೆ ಹಾಕಬೇಡಿ. ವರ್ಕ್‌ಲೋಡ್ ಹಂಚುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಬೇರೆ ಬೇರೆ ವಿಭಾಗದವರನ್ನು ಸೇರಿಸಿದರೆ ಇನ್ನೂ ವಾಸಿ. ಇತಿಹಾಸದವರು ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೂತರೆ ಅವರಿಗೆ ವಿಷಯ ಗೊತ್ತಿರುವುದಿಲ್ಲ. ಹಾಗಾಗಿ ವಿಷಯದ ತಪ್ಪು ಹುಡುಕಲು ಹೋಗುವುದಿಲ್ಲ, ಒಬ್ಬ ವಿದ್ಯಾರ್ಥಿಗೆ ಎಲ್ಲಿ ಕೊಂಡಿ ಕಳಚುತ್ತದೆ ಅನ್ನುವುದು ಅವರಿಗೇ ನೇರವಾಗಿ ತಾಗುತ್ತದೆ.

ಅತಿಥಿ ಉಪನ್ಯಾಸಕರನ್ನು ಬಿಡಬೇಡಿ. ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರದೇ. ಆದರೆ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಇರುವವರಿಗೆ ಹಿಂದಿನ ಬೆಂಚಿನಲ್ಲಿ ಕಾಯಂ ಅಧ್ಯಾಪಕರು ಕೂತರೆ ಗಂಟಲು ಒಣಗುತ್ತದೆ. ಅವರ ಜೋಡಿಯನ್ನು ಅವರೇ ಆರಿಸಿಕೊಳ್ಳಲಿ. ಇನ್ನೊಬ್ಬ ಅತಿಥಿ ಉಪನ್ಯಾಸಕರೇ ಜೋಡಿಯಾದರೂ ಅಡ್ಡಿಯಿಲ್ಲ.

ಇನ್ನು, ಯಾರ ಕ್ಲಾಸಿಗೆ ಯಾರು ಮೊದಲು ಹೋಗಬೇಕು? ಕಿರಿಯರು ಹಿರಿಯರ ಕ್ಲಾಸಿಗೆ. 25 ವರ್ಷ ಪಾಠ ಮಾಡಿದವರು "ಬನ್ನಿ, ನನ್ನ ಕ್ಲಾಸಿನಲ್ಲಿ ಕೂತ್ಕೊಳ್ಳಿ, ಎಲ್ಲಿ ಮಂಕಾಯ್ತು ಹೇಳಿ" ಅಂದರೆ ಅರ್ಧ ಕೆಲಸ ಅಲ್ಲೇ ಆದಂತೆ. ಹಿರಿಯರು ಇದಕ್ಕೆ ಒಪ್ಪದಿದ್ದರೆ ಯೋಜನೆ ಅಲ್ಲಿಗೇ ನಿಲ್ಲಿಸಿ, ಇನ್ನೊಬ್ಬ ಹಿರಿಯರನ್ನು ಹುಡುಕಿ.

3. ಕ್ಲಾಸಿಗೆ ಹೋಗುವ ಮುಂಚೆ ಹದಿನೈದು ನಿಮಿಷ

ಹೇಳದೆ ಕೇಳದೆ ಹೋಗಿ ಕೂರಬಾರದು. ಹಿಂದಿನ ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ನಾಳೆಯ ಪಾಠ ಮುಗಿದ ಮೇಲೆ ಹುಡುಗರಿಗೆ ಏನು ಮಾಡಲು ಬರಬೇಕು? ಹೋದ ವರ್ಷ ಇದೇ ಪಾಠದಲ್ಲಿ ಎಲ್ಲಿ ಎಡವಿದ್ದರು? ನಾನು ಯಾವುದನ್ನು ಗಮನಿಸಲಿ?

ಮೂರನೆಯದೇ ಮುಖ್ಯ. "ಎಲ್ಲಾ ನೋಡಿ ಮೇಡಂ" ಅನ್ನುವ ಉತ್ತರ ಬರುತ್ತದೆ, ಒಪ್ಪಿಕೊಳ್ಳಬೇಡಿ. ಒಂದು ಬೇಕು. "ಹಿಂದಿನ ಬೆಂಚಿನವರು ಯಾವಾಗ ಕೈ ಬಿಡ್ತಾರೆ ನೋಡಿ", "ನಾನು ಪ್ರಶ್ನೆ ಕೇಳಿದರೆ ಯಾರೂ ಮಾತಾಡಲ್ಲ, ಯಾಕೆ ನೋಡಿ", ಹೀಗೆ. ಕೇಳಿದವರು ತಮಗೆ ಬೇಕಾದ್ದನ್ನು ಕೇಳಿರುವುದರಿಂದ ಆಮೇಲೆ ಹೇಳುವುದು ಟೀಕೆ ಅನಿಸುವುದಿಲ್ಲ.

ಮೊದಲ ಪ್ರಶ್ನೆಗೆ "ಯೂನಿಟ್ ಎರಡು ಮುಗಿಸಬೇಕು" ಅನ್ನುವ ಉತ್ತರ ಬಂದರೆ ಸ್ವಲ್ಪ ತಡೆಯಿರಿ. ಅದು ಅಧ್ಯಾಪಕರ ಕೆಲಸ ಮುಗಿಯುವ ಲೆಕ್ಕ. ಹುಡುಗರ ಕಡೆಯಿಂದ ಹೇಳಿಸಿ.

4. ಹಿಂದಿನ ಬೆಂಚಿನಲ್ಲಿ ಕೂತು ಏನು ಬರೆಯಬೇಕು

ಅಭಿಪ್ರಾಯ ಬರೆಯಬೇಡಿ, ಆದದ್ದನ್ನು ಬರೆಯಿರಿ. ಈ ಹೆಜ್ಜೆ ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಅಮೆರಿಕ, ಕೆನಡಾದ ವಿಶ್ವವಿದ್ಯಾಲಯಗಳ ವಿಜ್ಞಾನ ತರಗತಿಗಳಿಗೆ 2013ರಲ್ಲಿ ಕೋಪಸ್ ಅನ್ನುವ ಒಂದು ಪಟ್ಟಿ ಬಂತು. ನೋಡುವವರು ಪ್ರತಿ 2 ನಿಮಿಷಕ್ಕೊಮ್ಮೆ ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕುತ್ತಾ ಹೋಗಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಲು ಅದರಲ್ಲಿ ಜಾಗವೇ ಇಲ್ಲ. ನಮಗೆ ಅಷ್ಟು ಕೋಡು, ಕಾಲಮ್ಮು ಬೇಡ. ಒಂದು ಹಾಳೆ, ಒಂದು ವಾಚು ಸಾಕು. ಬಿ.ಕಾಂ ಮೊದಲ ವರ್ಷದ ಅರ್ಥಶಾಸ್ತ್ರದ ಪಾಠ ಅಂತ ಇಟ್ಟುಕೊಳ್ಳಿ. ಹಾಳೆ ಹೀಗಿರಬೇಕು:

10.04 ಹಾಜರಿ ಶುರು.
10.11 ಹಾಜರಿ ಮುಗಿಯಿತು. ಬೋರ್ಡಿನ ಮೇಲೆ ತಲೆಬರಹ.
10.13 ಬೇಡಿಕೆಯ ನಿಯಮ, ಇಂಗ್ಲಿಷಿನಲ್ಲಿ, ಎರಡು ಸಲ ಓದಿದರು. ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ.
10.19 ಗ್ರಾಫ್. ಬೋರ್ಡಿಗೆ ಮುಖ ಮಾಡಿ ವಿವರಣೆ.
10.24 "ಅರ್ಥ ಆಯ್ತಾ?" 1 ಸೆಕೆಂಡ್. "ಹೂಂ ಸರ್", ಮುಂದಿನ ಎರಡು ಬೆಂಚು ಮಾತ್ರ.
10.26 "ಬೆಲೆ ಏರಿದರೆ ಏನಾಗುತ್ತೆ?" 2 ಸೆಕೆಂಡ್. ತಾವೇ ಉತ್ತರ ಹೇಳಿದರು.
10.31 ಕಿಟಕಿ ಪಕ್ಕದ ಮೂರು ಬೆಂಚಿನವರು ಪೆನ್ನು ಕೆಳಗಿಟ್ಟರು.
10.38 ಟೊಮ್ಯಾಟೊ ಉದಾಹರಣೆ, ಕನ್ನಡದಲ್ಲಿ. ಕಿಟಕಿ ಪಕ್ಕದವರು ತಲೆ ಎತ್ತಿದರು. ಒಬ್ಬಳು ತಾನಾಗಿ ಪ್ರಶ್ನೆ ಕೇಳಿದಳು.
10.43 ನೋಟ್ಸ್ ಡಿಕ್ಟೇಷನ್, ಬೆಲ್ ಆಗುವವರೆಗೆ.

ಈ ಹಾಳೆಯಲ್ಲಿ ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ. ಆದರೆ ಎಲ್ಲವೂ ಇದೆ, ಅಲ್ವಾ?

ಪ್ರಶ್ನೆ ಕೇಳಿದ ಮೇಲಿನ ಸೆಕೆಂಡುಗಳನ್ನು ತಪ್ಪದೆ ಎಣಿಸಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಶಾಲೆಯ ವಿಜ್ಞಾನ ತರಗತಿಗಳ ಟೇಪ್ ರೆಕಾರ್ಡಿಂಗ್ ಕೇಳಿ 1970ರ ದಶಕದಲ್ಲೇ ಇದನ್ನು ಹೇಳಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರೂ ಬಾಯಿ ಬಿಡುತ್ತಾರೆ. ನಮ್ಮ ಹುಡುಗರಿಗೆ ಮೂರೂ ಸಾಲದು ಅನ್ನುವುದು ನನ್ನ ಲೆಕ್ಕ. ಇಂಗ್ಲಿಷಿನ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳಬೇಕು, ಕನ್ನಡದಲ್ಲಿ ಹೊಳೆದ ಉತ್ತರವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಏಳೆಂಟು ಸೆಕೆಂಡ್ ಕಾಯಲು ಹೇಳಿ. ಮುಂದೆ ನಿಂತವರಿಗೆ ಅದು ಒಂದು ಯುಗ ಅನಿಸುತ್ತದೆ. ಅನಿಸಲಿ.

ಇನ್ನೊಂದು ಮಾತು. ಫೋನ್ ತೆಗೆದು ವಿಡಿಯೊ ಮಾಡಬೇಡಿ. ಹುಡುಗರು ಕ್ಯಾಮೆರಾ ನೋಡುತ್ತಾರೆ, ಅಧ್ಯಾಪಕರು ಸೆಟೆದು ನಿಲ್ಲುತ್ತಾರೆ. ತಮ್ಮ ಪಾಠ ತಾವೇ ನೋಡಬೇಕು ಅನ್ನುವವರು ಮೇಜಿನ ಮೇಲೆ ಫೋನ್ ಇಟ್ಟು ಬರೀ ದನಿ ರೆಕಾರ್ಡ್ ಮಾಡಿಕೊಳ್ಳಲಿ. ಎಷ್ಟು ಹೊತ್ತು ತಾವೊಬ್ಬರೇ ಮಾತಾಡಿದ್ದೇವೆ ಅನ್ನುವುದು ಕಿವಿಗೆ ಬಿದ್ದರೆ ಸಾಕು.

5. ಆಮೇಲಿನ ಮಾತು

ಅದೇ ದಿನ ಕೂತು ಮಾತಾಡಿ, ತಪ್ಪಿದರೆ ಮರುದಿನ. ಮೊದಲು ಹಾಳೆಯನ್ನು ಅವರ ಕೈಗೆ ಕೊಡಿ. ಐದು ನಿಮಿಷ ಓದಲಿ, ಅಷ್ಟು ಹೊತ್ತು ನೀವು ಚಹಾ ಕುಡಿಯಿರಿ. ಅವರೇ ಮೊದಲು ಮಾತಾಡಬೇಕು.

"ಮೇಡಂ, ಹಾಜರಿಗೆ ಏಳು ನಿಮಿಷ ಹೋಯ್ತಾ?"

"ಹೌದು ಸರ್, ನಾಲ್ಕರಿಂದ ಹನ್ನೊಂದರವರೆಗೆ."

"ಕಿಟಕಿ ಪಕ್ಕದವರು ಟೊಮ್ಯಾಟೊ ಬಂದಾಗ ವಾಪಸ್ ಬಂದ್ರು ಅಂತ ಬರೆದಿದ್ದೀರಿ."

"ಬಂದ್ರು. ಅದನ್ನ ಮೊದಲೇ ಹೇಳಿದ್ರೆ ಹೇಗಿರ್ತಿತ್ತು?"

"ಡೆಫಿನಿಷನ್ ಇಲ್ಲದೆ ಶುರು ಮಾಡೋದಾ?"

"ನೀವೇ ಹೇಳಿ."

ಇಷ್ಟೇ. ನೀವು ಹೆಚ್ಚೇನೂ ಹೇಳಲಿಲ್ಲ, ಅವರು ಒಂದು ಜಾಗಕ್ಕೆ ಬಂದು ನಿಂತರು. "ನಾನಾಗಿದ್ರೆ ಹೀಗೆ ಮಾಡ್ತಿದ್ದೆ" ಅನ್ನುವ ಮಾತು ನಾಲಿಗೆ ತುದಿಗೆ ಬಂದರೆ ನುಂಗಿಕೊಳ್ಳಿ. ನಾವು ಅಧ್ಯಾಪಕರಲ್ವಾ, ಉಪದೇಶ ಕೊಡದೆ ಇರುವುದು ನಮಗೆ ಕಷ್ಟ. "ಚೆನ್ನಾಗಿತ್ತು ಸರ್" ಅಂತ ಎದ್ದು ಹೋಗುವುದೂ ಬೇಡ. ಚೆನ್ನಾಗಿದ್ದರೆ ಎಷ್ಟು ಗಂಟೆಗೆ ಏನು ಚೆನ್ನಾಗಿತ್ತು ಅಂತ ಹಾಳೆ ತೋರಿಸಿ ಹೇಳಿ. ಮೇಲಿನ ಹಾಳೆಯಲ್ಲಿ ಅದು 10.38.

ಮಾತು ಮುಗಿಯುವಾಗ ಮುಂದಿನ ಎರಡು ವಾರಕ್ಕೆ ಒಂದೇ ಒಂದು ಬದಲಾವಣೆ ಗೊತ್ತು ಮಾಡಿಕೊಳ್ಳಿ. ನಾಲ್ಕು ಹಿಡಿದರೆ ಒಂದೂ ಆಗುವುದಿಲ್ಲ. ಹಾಳೆ ಅವರ ಬಳಿಯೇ ಉಳಿಯಲಿ, ನೀವು ಜೆರಾಕ್ಸ್ ಇಟ್ಟುಕೊಳ್ಳಬೇಡಿ.

6. ಯಾವ ಬದಲಾವಣೆ? ಕೆಲವು ಕೈಗೆಟುಕುವವು

ಹಾಜರಿ ಸುಲಭದ್ದು. ಹಾಳೆಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿ ಸಹಿ ಮಾಡಿಸಿ, ಕೊನೆಗೆ ತಲೆ ಎಣಿಸಿ ತಾಳೆ ನೋಡಿ. ಐದು ನಿಮಿಷ ಉಳಿಯಿತು.

ಎರಡನೆಯದು, ಪಾಠದ ನಡುವೆ ಒಂದು ಒಳ್ಳೆಯ ಪ್ರಶ್ನೆ ಇಡುವುದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಇದನ್ನು ಮಾಡಿ ತೋರಿಸಿದರು. ಅದನ್ನು ನಮ್ಮ ಬೇಡಿಕೆಯ ಪಾಠಕ್ಕೆ ಹೀಗೆ ತರಬಹುದು. ಬೋರ್ಡಿನ ಮೇಲೆ ಬರೆಯಿರಿ: 2023ರ ಜುಲೈನಲ್ಲಿ ಟೊಮ್ಯಾಟೊ ಕೆ.ಜಿ.ಗೆ 100 ರೂಪಾಯಿ ದಾಟಿತು, ಜನ ಕಡಿಮೆ ಕೊಂಡರು. ಗ್ರಾಹಕರ ಬೇಡಿಕೆಯ ರೇಖೆಗೆ ಏನಾಯಿತು? ಒಂದು, ಎಡಕ್ಕೆ ಸರಿಯಿತು. ಎರಡು, ಬಲಕ್ಕೆ ಸರಿಯಿತು. ಮೂರು, ಎಲ್ಲಿದೆಯೋ ಅಲ್ಲೇ ಇದೆ.

ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಎದೆಯ ಹತ್ತಿರ ಬೆರಳು ತೋರಿಸಬೇಕು. ಕೈ ಮೇಲೆತ್ತಿದರೆ ಪಕ್ಕದವರದ್ದು ನೋಡಿ ಕಾಪಿ ಹೊಡೆಯುತ್ತಾರೆ. ಸುಮಾರು ಜನ ಒಂದು ಅಂತ ತೋರಿಸುತ್ತಾರೆ. ಕಡಿಮೆ ಕೊಂಡರು ಅಂದಮೇಲೆ ಬೇಡಿಕೆ ಇಳಿಯಿತು, ರೇಖೆ ಎಡಕ್ಕೆ ಹೋಯಿತು, ಇದು ಅವರ ಲೆಕ್ಕ. ಸರಿಯುತ್ತರ ಮೂರು. ಬೆಲೆಯೊಂದೇ ಬದಲಾದಾಗ ರೇಖೆ ಸರಿಯುವುದಿಲ್ಲ, ನಾವು ಅದೇ ರೇಖೆಯ ಮೇಲೆ ಮೇಲಕ್ಕೆ ಹೋಗುತ್ತೇವೆ. ಆದರೆ ಉತ್ತರ ಆಗಲೇ ಹೇಳಬೇಡಿ. ಸರಿ ಹೇಳಿದವರು ಶೇ 30ರಿಂದ 70ರ ನಡುವೆ ಇದ್ದರೆ "ಬೇರೆ ಉತ್ತರ ತೋರಿಸಿದವರ ಹತ್ತಿರ ತಿರುಗಿ, ಅವರನ್ನ ಒಪ್ಪಿಸಿ" ಅನ್ನಿ. ಕ್ಲಾಸಿನಲ್ಲಿ ಗದ್ದಲ ಏಳುತ್ತದೆ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಬೆರಳು ತೋರಿಸಲು ಹೇಳಿ. ಸರಿಯುತ್ತರದ ಕಡೆ ಸಾಕಷ್ಟು ಜನ ವಾಲಿರುತ್ತಾರೆ. ಈಗ ನೀವು ವಿವರಿಸಿ, ಈಗ ಕೇಳುವ ಕಿವಿ ಇರುತ್ತದೆ. ಶೇ 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಉಪಯೋಗವಿಲ್ಲ, ಪಾಠವನ್ನೇ ಇನ್ನೊಂದು ರೀತಿಯಲ್ಲಿ ಹೇಳಬೇಕು.

ಇಂಥ ಒಂದು ಪ್ರಶ್ನೆ ಮಾಡುವುದೇ ಕಷ್ಟದ ಕೆಲಸ. ತಪ್ಪು ಉತ್ತರ ನಿಜಕ್ಕೂ ಆಸೆ ಹುಟ್ಟಿಸುವಂತಿರಬೇಕು. ಅವು ಎಲ್ಲಿ ಸಿಗುತ್ತವೆ ಗೊತ್ತಾ? ಹಳೆಯ ಇಂಟರ್ನಲ್ಸ್ (ಕಾಲೇಜಿನಲ್ಲೇ ಮಾಡುವ ಟೆಸ್ಟ್) ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ. ಜೋಡಿಯವರು ಒಂದು ಮಧ್ಯಾಹ್ನ ಆ ಕಟ್ಟು ಬಿಚ್ಚಿಕೊಂಡು ಕೂತರೆ ಒಂದು ಯೂನಿಟ್ಟಿಗೆ ಬೇಕಾದ ಪ್ರಶ್ನೆಗಳು ಸಿಗುತ್ತವೆ.

ಮೂರನೆಯದು ಭಾಷೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ, ಬಿ.ಎಸ್ಸಿ, ಬಿಸಿಎಗೆ ಸೇರಿದ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ಪಾಠಕ್ಕಿಂತ ಮೊದಲು ಇಂಗ್ಲಿಷಿನ ಜೊತೆ ಗುದ್ದಾಡುತ್ತಿರುತ್ತಾರೆ. "ಸ್ಟ್ಯಾಂಡರ್ಡ್ ಕಡಿಮೆ ಆಯ್ತು" ಅಂತ ಸ್ಟಾಫ್ ರೂಮಿನಲ್ಲಿ ಗೊಣಗುವುದರಿಂದ ಏನೂ ಆಗುವುದಿಲ್ಲ. ಬೋರ್ಡಿನ ಬಲ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಆ ದಿನದ ಆರೇಳು ಮುಖ್ಯ ಪದಗಳನ್ನು ಇಂಗ್ಲಿಷ್, ಕನ್ನಡ ಎರಡರಲ್ಲೂ ಬರೆಯಿರಿ, ಪಿರಿಯಡ್ ಮುಗಿಯುವವರೆಗೆ ಅಳಿಸಬೇಡಿ. ಪಕ್ಕದವರ ಜೊತೆ ಚರ್ಚೆ ಕನ್ನಡದಲ್ಲೇ ಆಗಲಿ. ತುಳು, ಕೊಂಕಣಿ, ಉರ್ದುವಿನಲ್ಲಾದರೂ ಆಗಲಿ. ಕೊನೆಯಲ್ಲಿ ಎರಡು ವಾಕ್ಯ ಇಂಗ್ಲಿಷಿನಲ್ಲಿ ಬರೆಯಿಸಿ, ಪರೀಕ್ಷೆಯಲ್ಲಿ ಬೇಕಾಗುವುದು ಅದೇ. ಆದರೆ ಇಡೀ ಪಾಠ ಕನ್ನಡದಲ್ಲಿ ಹೇಳಿ ನೋಟ್ಸ್ ಮಾತ್ರ ಇಂಗ್ಲಿಷಿನಲ್ಲಿ ಬರೆಸುವುದು ಇದೆಯಲ್ಲ, ಅದರಿಂದ ಎರಡೂ ಕೈ ತಪ್ಪುತ್ತವೆ. ಕೇಳಿದ್ದಕ್ಕೂ ಬರೆದದ್ದಕ್ಕೂ ಕೊಂಡಿಯೇ ಇರುವುದಿಲ್ಲ.

ಡಿಕ್ಟೇಷನ್ ಬಿಡಿಸುವುದು ದೊಡ್ಡ ಕೆಲಸ. ಹುಡುಗರೇ "ನೋಟ್ಸ್ ಕೊಡಿ ಸರ್" ಅನ್ನುತ್ತಾರೆ. ಒಮ್ಮೆಗೇ ನಿಲ್ಲಿಸಿದರೆ ದೂರು ಪ್ರಿನ್ಸಿಪಾಲರ ಚೇಂಬರಿಗೆ ಹೋಗುತ್ತದೆ. ಅರ್ಧ ತುಂಬಿದ ನೋಟ್ಸ್ ಕೊಡಿ. ತಲೆಬರಹಗಳು, ಖಾಲಿ ಗ್ರಾಫ್, ಅಲ್ಲಲ್ಲಿ ಬಿಟ್ಟ ಸಾಲು, ಇಷ್ಟಿರುವ ಒಂದು ಪುಟದ ಜೆರಾಕ್ಸ್. ಉಳಿದದ್ದನ್ನು ಪಾಠ ಕೇಳುತ್ತಾ ಅವರೇ ತುಂಬಬೇಕು.

ಇನ್ನು ಪಿರಿಯಡ್‌ನ ಕೊನೆಯ ಎರಡು ನಿಮಿಷ ಒಂದು ಚೀಟಿ. ಇವತ್ತು ತಿಳಿದ ಒಂದು ವಿಷಯ, ತಿಳಿಯದೆ ಉಳಿದ ಒಂದು ವಿಷಯ. ಹೆಸರು ಬೇಡ. 80 ಚೀಟಿಯನ್ನೂ ಓದಬೇಕಾಗಿಲ್ಲ, ಇಪ್ಪತ್ತು ಎತ್ತಿ ನೋಡಿದರೆ ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಅಂತ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹೀಗೆ ಪಾಠ ಬದಲಾಯಿಸಿದಾಗ ಹುಡುಗರಿಗೆ ಮೊದಮೊದಲು ಖುಷಿಯಾಗುವುದಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಮಾಡಿದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾವೇ ಲೆಕ್ಕ ಬಿಡಿಸಿ, ಚರ್ಚಿಸಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು. ಆದರೆ ಅಷ್ಟು ಕಲಿತೆವು ಅಂತ ಅವರಿಗೇ ಅನಿಸಿರಲಿಲ್ಲ. ಸೊಗಸಾದ ಭಾಷಣ ಕೇಳಿದವರಿಗೆ ತುಂಬಾ ಕಲಿತೆವು ಅನಿಸಿತ್ತು, ಅಂಕ ಕಡಿಮೆ ಬಂತು. ಆದ್ದರಿಂದ ಯಾಕೆ ಹೀಗೆ ಮಾಡುತ್ತಿದ್ದೇವೆ ಅಂತ ಮೊದಲ ದಿನವೇ ಹುಡುಗರಿಗೆ ಹೇಳಿಬಿಡಿ. ಜೋಡಿಯವರಿಗೂ ಇದು ಗೊತ್ತಿರಲಿ. ಎರಡನೇ ವಾರ ಸಹೋದ್ಯೋಗಿ ಸೋತ ಮುಖ ಹಾಕಿಕೊಂಡು ಬಂದಾಗ ಹೇಳಲು ಒಂದು ಮಾತು ಬೇಕಾಗುತ್ತದೆ.

7. ಸೆಮಿಸ್ಟರ್ ನಡುವೆ ಹುಡುಗರನ್ನು ಕೇಳಿ

ಫೀಡ್‌ಬ್ಯಾಕ್ ಫಾರ್ಮ್ ಎಲ್ಲಾ ಕಾಲೇಜಿನಲ್ಲೂ ಇದೆ. ಸೆಮಿಸ್ಟರ್ ಮುಗಿಯುವಾಗ ಕೊಡುತ್ತಾರೆ. ಹುಡುಗರು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ "ವೆರಿ ಗುಡ್" ಟಿಕ್ ಹಾಕಿ ಬಸ್ಸು ಹಿಡಿಯಲು ಓಡುತ್ತಾರೆ. ಅಷ್ಟರಲ್ಲಿ ಪಾಠವೂ ಮುಗಿದಿರುತ್ತದೆ, ಆ ಹುಡುಗರಿಗಂತೂ ಏನೂ ಸಿಗುವುದಿಲ್ಲ.

ಇದಕ್ಕಿಂತ ಎಷ್ಟೋ ಪಾಲು ಮೇಲಾದ ವಿಧಾನ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ನಮ್ಮ ಕಾಲೇಜಿಗೆ ಹೊಂದಿಸಿಕೊಂಡರೆ ಅದು ಹೀಗೆ. ಆರನೇ ಅಥವಾ ಏಳನೇ ವಾರ, ಮೊದಲ ಟೆಸ್ಟ್ ಆದ ಮೇಲೆ, ಒಂದು ಪಿರಿಯಡ್‌ನ ಕೊನೆಯ 25 ನಿಮಿಷ ತೆಗೆದಿಡಿ. ಅಧ್ಯಾಪಕರು ಹೊರಗೆ ಹೋಗುತ್ತಾರೆ, ಜೋಡಿಯವರು ಒಳಗೆ ಬರುತ್ತಾರೆ. ಐದಾರು ಜನರ ಗುಂಪು ಮಾಡಿ ಎರಡೇ ಪ್ರಶ್ನೆ ಕೊಡಿ: ಈ ಪಾಠದಲ್ಲಿ ನಿಮಗೆ ಕಲಿಯಲು ಅನುಕೂಲ ಆಗುತ್ತಿರುವುದು ಏನು? ಏನು ಬದಲಾದರೆ ಇನ್ನೂ ಚೆನ್ನಾಗಿ ಕಲಿಯುತ್ತೀರಿ? ಗುಂಪಿನಲ್ಲಿ ಎಲ್ಲರೂ ಒಪ್ಪಿದ್ದನ್ನು ಮಾತ್ರ ಬರೆಯಬೇಕು. ಹತ್ತು ನಿಮಿಷ ಆದಮೇಲೆ ಒಂದೊಂದು ಗುಂಪೂ ಓದಲಿ, ನೀವು ಬೋರ್ಡಿನ ಮೇಲೆ ಬರೆದು "ಇದನ್ನ ಎಷ್ಟು ಜನ ಒಪ್ತೀರಿ?" ಅಂತ ಕೈ ಎತ್ತಿಸಿ, ಎಣಿಸಿ ಬರೆದುಕೊಳ್ಳಿ. ಮುಗಿದ ಮೇಲೆ ಬೋರ್ಡ್ ಅಳಿಸಿ.

ಎಲ್ಲರೂ ಒಪ್ಪಬೇಕು ಅನ್ನುವ ನಿಯಮದಿಂದ ಒಬ್ಬರ ಸಿಟ್ಟು ಅಲ್ಲೇ ಜಾರಿಹೋಗುತ್ತದೆ. ಉಳಿಯುವುದು ಬಹಳ ಸಣ್ಣ, ಮಾಡಬಹುದಾದ ಸಂಗತಿಗಳು. ಬೋರ್ಡ್ ಮೇಲೆ ಬರೆದಿದ್ದನ್ನ ಬೇಗ ಅಳಿಸ್ತಾರೆ. ಪಿಪಿಟಿ ಅಕ್ಷರ ಹಿಂದಕ್ಕೆ ಕಾಣಲ್ಲ. ಡೌಟ್ ಕೇಳಿದ್ರೆ "ಇದೂ ಗೊತ್ತಿಲ್ವಾ" ಅಂತಾರೆ. ಕೊನೆಯದನ್ನು ಅಧ್ಯಾಪಕರಿಗೆ ತಿಳಿಸುವಾಗ ಸ್ವಲ್ಪ ಜಾಣತನ ಬೇಕು. ಯಾವ ಗುಂಪು ಹೇಳಿತು ಅಂತ ಅವರು ಕೇಳಿಯೇ ಕೇಳುತ್ತಾರೆ. ಹೇಳಬೇಡಿ. ಕೈಬರಹದ ಚೀಟಿ ಕೊಡದೆ ನೀವೇ ಪಟ್ಟಿ ಮಾಡಿ ಕೊಡಿ.

ಅಧ್ಯಾಪಕರು ಮುಂದಿನ ಪಿರಿಯಡ್‌ನಲ್ಲಿ ಐದು ನಿಮಿಷ ಈ ಬಗ್ಗೆ ಮಾತಾಡಲೇಬೇಕು. ಇದನ್ನು ಬದಲಾಯಿಸುತ್ತೇನೆ, ಇದನ್ನು ಬದಲಾಯಿಸಲು ಆಗುವುದಿಲ್ಲ, ಯಾಕೆ ಅಂದರೆ ಹೀಗೆ. ಈ ಐದು ನಿಮಿಷ ತಪ್ಪಿದರೆ ಮುಂದಿನ ಸಲ ಹುಡುಗರು ಬಾಯಿ ಬಿಡುವುದಿಲ್ಲ.

8. ಕೋರ್ಸುಗಳು, ಡೆಮೊ ಪಾಠ

ಪ್ರಮೋಷನ್‌ಗೆ ರಿಫ್ರೆಷರ್, ಓರಿಯೆಂಟೇಷನ್ ಅನ್ನುವ ತರಬೇತಿ ಕೋರ್ಸುಗಳು ಬೇಕೇ ಬೇಕು, ಅಧ್ಯಾಪಕರು ಹೋಗಲಿ. ಹೋಗುವ ಮುಂಚೆ ಜೋಡಿಯವರ ಜೊತೆ ಕೂತು ಒಂದು ಪ್ರಶ್ನೆ ಇಟ್ಟುಕೊಂಡು ಹೋಗಲಿ, ವಾಪಸ್ ಬಂದಮೇಲೆ ಒಂದನ್ನು ಕ್ಲಾಸಿನಲ್ಲಿ ಮಾಡಿ ತೋರಿಸಲಿ. ಸ್ಟಾಫ್ ಮೀಟಿಂಗಿನಲ್ಲಿ ಅದರ ಮೇಲೆ ಭಾಷಣ ಬೇಡ.

ಹೊಸದಾಗಿ ಸೇರಿದವರಿಗೆ ಸೆಮಿಸ್ಟರ್ ಶುರುವಾಗುವ ಮೊದಲು ಮೈಕ್ರೋ ಟೀಚಿಂಗ್ ಉಪಯೋಗಕ್ಕೆ ಬರುತ್ತದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ವಿಧಾನ ಇದು. ಬಿ.ಎಡ್ ಮಾಡಿದವರಿಗೆ ಚೆನ್ನಾಗಿ ಗೊತ್ತು, ಅವರನ್ನೇ ಮುಂದೆ ಬಿಡಿ. ಏಳೆಂಟು ನಿಮಿಷದ ಪಾಠ, ನಾಲ್ಕೈದು ಸಹೋದ್ಯೋಗಿಗಳೇ ವಿದ್ಯಾರ್ಥಿಗಳು, ಒಂದೇ ಕೌಶಲ, ಆಮೇಲೆ ಅದನ್ನೇ ಇನ್ನೊಮ್ಮೆ. ಬೋರ್ಡು ಬಳಸುವುದು, ದನಿ ಹಿಂದಿನವರೆಗೆ ತಲುಪಿಸುವುದು, ಇಂಥವಕ್ಕೆ ಇದು ಸಾಕು. ಹುಡುಗರು ಎಲ್ಲಿ ಎಡವುತ್ತಾರೆ ಅನ್ನುವುದು ಮಾತ್ರ ಇದರಲ್ಲಿ ತಿಳಿಯುವುದಿಲ್ಲ, ಅಲ್ಲಿ ಹುಡುಗರೇ ಇಲ್ಲವಲ್ಲ.

9. ಟೈಮ್ ಟೇಬಲ್ಲಿನಲ್ಲಿ ಜಾಗ ಮಾಡಿ

ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಅದರ ಜೊತೆ ಅಡ್ಮಿಷನ್ ಡ್ಯೂಟಿ, ಎನ್‌ಎಸ್‌ಎಸ್, ಸ್ಕಾಲರ್‌ಶಿಪ್ ಅರ್ಜಿ, ಚುನಾವಣಾ ಕೆಲಸ. "ಬಿಡುವಾದಾಗ ನೋಡೋಣ" ಅಂದರೆ ಬಿಡುವು ಆಗುವುದೇ ಇಲ್ಲ. ಟೈಮ್ ಟೇಬಲ್ ಹಾಕುವಾಗಲೇ ಜೋಡಿಯ ಇಬ್ಬರಿಗೂ ವಾರದಲ್ಲಿ ಒಂದು ಪಿರಿಯಡ್ ಒಟ್ಟಿಗೆ ಖಾಲಿ ಇರುವಂತೆ ನೋಡಿಕೊಳ್ಳಲು ಟೈಮ್ ಟೇಬಲ್ ಕಮಿಟಿಗೆ ಹೇಳಿ. ಒಬ್ಬರ ಪಾಠ ಇರುವಾಗ ಇನ್ನೊಬ್ಬರಿಗೆ ಬಿಡುವಿರುವ ಪಿರಿಯಡ್ ಒಂದಾದರೂ ಇರಬೇಕು, ಇಲ್ಲದಿದ್ದರೆ ಹೋಗಿ ಕೂರುವುದೇ ಆಗುವುದಿಲ್ಲ. ಒಂದು ಸೆಮಿಸ್ಟರಿಗೆ ಒಬ್ಬೊಬ್ಬರ ಕ್ಲಾಸಿಗೆ ಎರಡು ಸಲ ಹೋದರೆ ಸಾಕು. ಮೊದಲನೆಯದು ನಾಲ್ಕನೇ ವಾರದ ಹೊತ್ತಿಗೆ, ಎರಡನೆಯದು ಹುಡುಗರ ಜೊತೆ ಮಾತಾದ ಮೇಲೆ. ಮೊದಲ ವಾರ ಬೇಡ, ಆಗ ಅರ್ಧ ಹುಡುಗರು ಅಡ್ಮಿಷನ್ ಕೌಂಟರಿನಲ್ಲಿ ಇರುತ್ತಾರೆ.

ಬರಲ್ಲ ಅನ್ನುವವರು ಇರುತ್ತಾರೆ. "ಮೂವತ್ತು ವರ್ಷ ಪಾಠ ಮಾಡಿದ್ದೀನಿ, ನನಗೇನ್ರೀ ಹೇಳ್ಕೊಡ್ತೀರಿ" ಅನ್ನುತ್ತಾರೆ. ಬಲವಂತ ಮಾಡಬೇಡಿ, ಸುತ್ತೋಲೆ ಹೊರಡಿಸಬೇಡಿ. ಸುತ್ತೋಲೆ ಹೊರಟ ದಿನ ಇದು ಮತ್ತೆ ತಪಾಸಣೆ ಆಗಿಬಿಡುತ್ತದೆ. ಮೂರು ಜೋಡಿ ಸಿಕ್ಕರೆ ಮೂರರಿಂದಲೇ ಶುರು ಮಾಡಿ. ಬರಲ್ಲ ಅಂದವರ ಹತ್ತಿರ ಬೇರೆ ಸಹಾಯ ಕೇಳಿ: ಅವರ ಹಳೆಯ ಇಂಟರ್ನಲ್ಸ್ ಪೇಪರ್ ಕಟ್ಟುಗಳನ್ನು ಕೊಡಲು ಹೇಳಿ, ಹುಡುಗರು ಪ್ರತಿ ವರ್ಷ ಎಲ್ಲಿ ತಪ್ಪುತ್ತಾರೆ ಅಂತ ಕೇಳಿ. ಮೂವತ್ತು ವರ್ಷದ ತಪ್ಪುಗಳ ಪಟ್ಟಿ ಅವರ ಬಾಯಲ್ಲೇ ಇರುತ್ತದೆ. ಆರನೇ ಹೆಜ್ಜೆಯ ಪ್ರಶ್ನೆಗಳಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.